ಚಿರೆಕಲ್ಲಿನ ಊರಲ್ಲಿ ಇಟ್ಟಿಗೆಯ ಪಾಠ

ಅಭ್ಯಾಸ ಬೋಧನೆಗೆಂದು ಅಂಕೋಲಾದ ಪ್ರೌಢಶಾಲೆಯೊಂದಕ್ಕೆ ಹೋದಾಗ ನನಗೆ ಬಂದದ್ದು ಹತ್ತನೆಯ ತರಗತಿಯ ಕ್ಲೋರ್-ಆಲ್ಕಲಿ ಪ್ರಕ್ರಿಯೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿದರೆ ಕಾಸ್ಟಿಕ್ ಸೋಡಾ, ಕ್ಲೋರಿನ್, ಹೈಡ್ರೋಜನ್. ಕಾರವಾರಕ್ಕೆ ಹೋಗುವಾಗ ಬಿಣಗಾದ ಕಾರ್ಖಾನೆಯನ್ನು ಬಸ್ಸಿನಿಂದ ನೋಡಿದ ಮಕ್ಕಳಿಗೆ ಇದು ದೂರದ ವಿಷಯವಲ್ಲ.

ಪುಸ್ತಕದಲ್ಲಿಲ್ಲದ ಒಂದು ಮಾತು ಸೇರಿಸಿದೆ. ಉಪ್ಪಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಲ್ಫೇಟ್ ತೆಗೆಯಲು ಸೋಡಾ ಬೂದಿ, ಕೆಲವೆಡೆ ಬೇರಿಯಂ ಕಾರ್ಬೊನೇಟ್ ಹಾಕುತ್ತಾರೆ. ತಳದಲ್ಲಿ ಕೆಸರು ಉಳಿಯುತ್ತದೆ. ಕಾಸ್ಟಿಕ್ ಸೋಡಾ ತಯಾರಿಕೆಯ ಕೆಸರು 2016ರ ನಿಯಮಗಳ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಸಿಮೆಂಟ್, ಹಾರುಬೂದಿ ಬೆರೆಸಿ ಅದರಿಂದ ಇಟ್ಟಿಗೆ ಮಾಡಬಹುದು ಎಂದೆ. ಪಾಠಯೋಜನೆ ಅಲ್ಲಿಗೆ ಮುಗಿಯಬೇಕಿತ್ತು.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಅಕ್ಕೋರೆ, ಆ ಗೋಡೆ ಮಳೆಗೆ ನೆನೆದ್ರೆ ಬಾವಿಗೆ ಏನು ಬರ್ತದೆ?"

ಚಿರೆಕಲ್ಲಿನ ಗೋಡೆ ಆಷಾಢದಲ್ಲಿ ನೀರು ಕುಡಿಯುವುದನ್ನು ಕಂಡವರ ಪ್ರಶ್ನೆ ಅದು. ಉಳಿದ ಅವಧಿಯೆಲ್ಲ ಅದಕ್ಕೇ ಹೋಯಿತು. ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗದು. ಮಿಕ್ಕ ಬೇರಿಯಂ ಕಾರ್ಬೊನೇಟ್ ಆಮ್ಲದಲ್ಲಿ ಕರಗುತ್ತದೆ, ಅದು ವಿಷ. ಹಳೆಯ ಪಾದರಸ ಕೋಶಗಳ ಕೆಸರಾದರೆ ಪಾದರಸವೂ ಇರುತ್ತದೆ. ಹಾಗಾಗಿ ಇಟ್ಟಿಗೆ ಗಟ್ಟಿಯಿದ್ದರೆ ಸಾಲದು. ಅದರ ಚೂರುಗಳನ್ನು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಸುಮಾರು 18 ಗಂಟೆ ತಿರುಗಿಸಿ, ಏನೇನು ಹೊರಬಂತೆಂದು ಅಳೆಯುತ್ತಾರೆ.

ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ "ಉದ್ದೇಶ ಪೂರ್ಣಗೊಂಡಿಲ್ಲ" ಎಂದು ಬರೆದರು. ಮೌಲ್ಯಮಾಪನದ ಪ್ರಶ್ನೆಗಳು ಉಳಿದದ್ದು ನಿಜ. ಆದರೂ ಆ ಷರಾ ನನಗೆ ಒಪ್ಪಿಗೆಯಿಲ್ಲ. ಇಂಥ ಇಟ್ಟಿಗೆ ಕೊಳ್ಳುವ ಮುಂಚೆ ಏನು ಕೇಳುತ್ತೀರಿ ಎಂಬ ಮನೆಗೆಲಸಕ್ಕೆ ಒಬ್ಬ ಬರೆದು ತಂದಿದ್ದ: "ಯಾವ ಕೆಸರು? ಯಾರು ಪರೀಕ್ಷೆ ಮಾಡಿದ್ದು? ಚೀಟಿ ತೋರಿಸಿ."