ಉದ್ಯಮಬಾಗದ ಘಾಟು, ಖಾನಾಪುರದ ಮಣ್ಣು

ಬೆಳಗಾವಿಯ ಉದ್ಯಮಬಾಗದಂಥ ಕಡೆ ಫೈಬರ್ ಕೆಲಸದ ಶೆಡ್ ಯಾವುದೆಂದು ಕೇಳಬೇಕಿಲ್ಲ, ಮೂಗಿಗೇ ಗೊತ್ತಾಗುತ್ತದೆ. ಆ ಘಾಟು ಸ್ಟೈರೀನಿನದು. ಪಾಲಿಯೆಸ್ಟರ್ ರೆಸಿನ್ ತೆಳ್ಳಗೆ ಹರಿಯಲೆಂದು ಬೆರೆಸಿರುತ್ತಾರೆ. ರೆಸಿನ್ ಬಿಗಿಯುವಷ್ಟರಲ್ಲಿ ಅದರಲ್ಲೊಂದು ಪಾಲು ಗಾಳಿಗೆ ಹೋಗುತ್ತದೆ. ಗಾಜಿನ ನಾರಿನ ಮ್ಯಾಟ್ ಮೇಲೆ ರೋಲರ್ ಉಜ್ಜುವ ಹುಡುಗನ ಪುಪ್ಪುಸಕ್ಕೂ ಹೋಗುತ್ತದೆ. ಸಂಜೆ ಅವನು ಕೈ ತೊಳೆಯುವುದು ಅಸಿಟೋನಿನಲ್ಲಿ. ಸ್ಟೈರೀನ್ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2018ರಲ್ಲೇ ಹೇಳಿತು. ನೀರಿನ ಟಾಕಿಗೆ, ದೋಣಿಗೆ ಆ ರೆಸಿನ್ ಬೇಕು, ಒಪ್ಪೋಣ. ಮದುವೆ ಮಂಟಪದ ಕಂಬಕ್ಕೂ ಹೋಟೆಲ್ ಗೋಡೆಯ ಉಬ್ಬುಚಿತ್ರಕ್ಕೂ ಅದೇ ಏಕೆ?

ಬದಲಿ ಇದೆ. 1984ರಲ್ಲಿ ಬ್ರಿಟನ್ನಿನ ಪೀಟರ್ ಹಾಕಿನ್ಸ್ ಜೆಸ್ಮೊನೈಟ್ ತಯಾರಿಸಿದರು. ಜಿಪ್ಸಂ ಪುಡಿ, ನೀರಿನಲ್ಲಿ ಬೆರೆತ ಅಕ್ರಿಲಿಕ್ ದ್ರವ, ಇಷ್ಟೇ. ಕಲಸಿದರೆ ದೋಸೆ ಹಿಟ್ಟಿನ ಹದ. ಅಚ್ಚಿಗೆ ಒಂದು ಪದರ ಬಳಿದು, ಗಾಜಿನ ನಾರಿನ ಬಟ್ಟೆ ಒತ್ತಿ, ಮೇಲೆ ಮತ್ತೊಂದು ಪದರ ಕೊಟ್ಟರೆ ಅರ್ಧ ತಾಸಿನ ಆಸುಪಾಸಿನಲ್ಲಿ ಗಟ್ಟಿ. ಬ್ರಷ್ಷು ಬಕೆಟ್ ನೀರಿನಲ್ಲೇ ಸ್ವಚ್ಛ. ತೂಕ ತುಸು ಹೆಚ್ಚು, ಸದಾ ನೀರಲ್ಲಿ ನಿಲ್ಲುವ ವಸ್ತುವಿಗೆ ಆಗದು.

ನೀರಿನ ಅಂಟು ನಮ್ಮ ಸೀಮೆಗೆ ಹೊಸದೇನಲ್ಲ. ಬೆಳಗಾವಿ ಫೌಂಡ್ರಿಗಳ ಊರು. ಸೋಡಿಯಂ ಸಿಲಿಕೇಟ್ ಬೆರೆಸಿದ ಮರಳಿಗೆ ಕಾರ್ಬನ್ ಡೈಆಕ್ಸೈಡ್ ಊದಿದರೆ ಕ್ಷಣಗಳಲ್ಲಿ ಅಚ್ಚು ಕಲ್ಲಾಗುವುದು ಎರಕದವರಿಗೆ ಹಳೆಯ ವಿದ್ಯೆ. ಅದೇ ಸಿಲಿಕೇಟನ್ನು ಕುಂಬಾರಿಕೆಯಲ್ಲಿ ಜೇಡಿಮಣ್ಣಿನ ಗಂಜಿಗೆ ಚಿಟಿಕೆಯಷ್ಟು ಹಾಕಿದರೆ ಗಟ್ಟಿಯಾಗುವ ಬದಲು ಸರಾಗ ಹರಿಯುತ್ತದೆ! ಅಲ್ಲಿ ಬಿಗಿಯುವುದು, ಇಲ್ಲಿ ಸಡಿಲಿಸುವುದು. ನನಗೆ ಇದು ಎಷ್ಟು ಸಲ ನೆನೆದರೂ ಸಂತೋಷ. ಹಾಗೆ ಹರಿಯುವ ಮಣ್ಣನ್ನು ಹೊಯ್ಯುವುದು ಪ್ಲಾಸ್ಟರ್ ಅಚ್ಚಿಗೆ. ಪ್ಲಾಸ್ಟರ್ ಎಂದರೆ ಮತ್ತೆ ಜಿಪ್ಸಂ. ಇನ್ನು ಕೊಪ್ಪಳದ ಕಿನ್ನಾಳದವರು ಹುಣಸೆ ಬೀಜದ ಸರಿಗೆ ಕಟ್ಟಿಗೆ ಹೊಟ್ಟು, ಗೋಣಿ ನಾರು ಸೇರಿಸಿ ದೇವರ ಮೂರ್ತಿಯನ್ನೇ ಮಾಡುತ್ತಾರೆ. ನಾರು, ಅಂಟು, ನೀರು: ಮೂಲ ಸೂತ್ರ ಒಂದೇ.

ವಿಸರ್ಜನೆಯ ಗಣಪತಿಗೆ ಮಾತ್ರ ಈ ಜಿಪ್ಸಂ-ಅಕ್ರಿಲಿಕ್ ಖಂಡಿತ ಬೇಡ, ಅದು ಕೆರೆಯಲ್ಲಿ ಕರಗುವುದಿಲ್ಲ. ಅವನಿಗೆ ಸುಡದ ಹಸಿಮಣ್ಣೇ ಸರಿ.

ತೊಡಕುಗಳಿವೆ. ಹೊರಗಿನಿಂದ ತರಿಸಿದ ಮಾಲು ದುಬಾರಿ. ಇಲ್ಲೇ ಮಾಡೋಣವೆಂದರೆ ಸಾದಾ ಪಿಒಪಿ ಪುಡಿ ಸಾಲದು, ಕಡಿಮೆ ನೀರು ಕುಡಿದು ಹೆಚ್ಚು ಗಟ್ಟಿಯಾಗುವ ಆಲ್ಫಾ ಜಿಪ್ಸಂ ಬೇಕು. ಖಾನಾಪುರದ ಆಷಾಢದ ಮಳೆಯಲ್ಲಿ ಒಣಗುವುದೂ ನಿಧಾನ. ಒಳಗಿನ ತೇವ ಆರದೆ ಬಣ್ಣ ಬಳಿದರೆ ಸುಲಿದು ಬರುತ್ತದೆ. ಇವೆಲ್ಲ ಕೈ ಪಳಗಿದಂತೆ ಬಗೆಹರಿಯುವ ಮಾತು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಖಾನಾಪುರದಲ್ಲೇ ಇದೆ, ಉದ್ಯಮಬಾಗದಿಂದ ಮುಕ್ಕಾಲು ತಾಸಿನ ದಾರಿ. ಮಣ್ಣು ಬಲ್ಲವರು ಅಲ್ಲಿ, ನಾರು ಬಲ್ಲವರು ಇಲ್ಲಿ. ಒಂದು ಮಳೆಗಾಲ ಇಬ್ಬರೂ ಕೂಡಿ ನಾಲ್ಕು ಹದ ಕಲಸಿ ನೋಡಲಿ ಎಂಬುದು ನನ್ನ ಆಸೆ.