ಮುನ್ನೂರು ಕುದುರೆ ಕಟ್ಟಿದ ಗಾಡಿ

ಡೊಂಬಿವಲಿಗೆ ಬಂದು ನೆಲೆಸಿ ನಲವತ್ತು ವರ್ಷವಾಯಿತು. ಇಷ್ಟು ಕಾಲದಲ್ಲಿ ಒಮ್ಮೆಯೂ ನನಗೆ ಮೋಟಾರು ಕೊಳ್ಳಬೇಕೆನಿಸಿರಲಿಲ್ಲ. ಲೋಕಲ್ ಗಾಡಿಯೇ ನಮ್ಮ ವಾಹನ, ಅದರ ವೇಳಾಪಟ್ಟಿಯೇ ನಮ್ಮ ಪಂಚಾಂಗ. ಆದರೆ 2025ರ ಜೂನ್ 9ರ ಬೆಳಿಗ್ಗೆ ದಿವಾ–ಮುಂಬ್ರಾ ನಡುವೆ, ಎದುರುಬದುರಾಗಿ ಹಾಯುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಪರಸ್ಪರ ತಾಗಿ ಹಳಿಯ ಮೇಲೆ ಬಿದ್ದರು. ಕೆಲವರು ಮನೆಗೆ ಮರಳಲೇ ಇಲ್ಲ. ನನ್ನ ತಂಗಿಯ ಮಗ ಅದೇ ದಾರಿಯವನು: ಠಾಣೆಯವರೆಗೆ ಒಂದು ಗಾಡಿ, ಅಲ್ಲಿಂದ ಐರೋಳಿಯ ಕಚೇರಿಗೆ ಇನ್ನೊಂದು. ಆ ಸಂಜೆ ತಂಗಿ ಊಟಕ್ಕೇಳಲಿಲ್ಲ. "ಬಾಗಲದಾಗ ನಿಂತು ಹೋಗೂದು ಇನ್ನ ಸಾಕು. ಸಾಲಾ ಮಾಡಿಯಾದ್ರೂ ಒಂದು ಕಾರು ತಗೋ" ಎಂದು ಮಗನಿಗೆ ಅಪ್ಪಣೆ ಮಾಡಿದಳು.

ಮಗ ಅಪ್ಪಣೆಯನ್ನು ಶಿರಸಾವಹಿಸಿದ. ಆದರೆ ಆರಿಸಿದ್ದು ತಾಯಿ ಕನಸಿನಲ್ಲೂ ಎಣಿಸದಂಥ ಗಾಡಿಯನ್ನು.

ಅದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನಮ್ಮ ದೇಶದ ಪೇಟೆಗೆ 2017ರಲ್ಲಿ ಬಂದದ್ದು. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಕಾರ್ಖಾನೆಯಿಂದ ಹೊರಡುವಾಗಲೇ 230 ಅಶ್ವಶಕ್ತಿ. ಬೆಂಗಳೂರಿನಲ್ಲಿದ್ದಾಗ ಅದರ ಯಜಮಾನರು ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಸಿ ಅದನ್ನು ಮುನ್ನೂರಕ್ಕೆ ಏರಿಸಿದ್ದರು. ಸೈಲೆನ್ಸರ್ ಬೇರೆ, ಸ್ಪ್ರಿಂಗ್ ಬೇರೆ, ಚಕ್ರವೂ ದೊಡ್ಡದು. ಈಗ ಅವರು ಠಾಣೆಗೆ ವರ್ಗವಾಗಿ ಬಂದು, ಗಾಡಿ ಮಾರುವವರಿದ್ದರು. "ಮಾಮಾ, ನೀವು ಒಮ್ಮೆ ಕೂತು ನೋಡ್ರಿ, ಆಮ್ಯಾಲೆ ಮಾತಾಡ್ರಿ" ಎಂದ ಅಳಿಯ.

ಆಗಸ್ಟಿನ ಒಂದು ಭಾನುವಾರ ಇಬ್ಬರೂ ಲೋಕಲ್ ಹಿಡಿದು ಠಾಣೆಗೆ ಹೋದೆವು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಸುಮಾರು ನಾನೂರು ಮಂದಿಯನ್ನು ಎಳೆಯಲು ಮೂರು ಎಂಜಿನ್ ಕಟ್ಟಿದ್ದರಂತೆ. ಒಬ್ಬನನ್ನು ಕಚೇರಿಗೆ ಒಯ್ಯಲು ಮುನ್ನೂರು ಕುದುರೆ ಬೇಕೇ ಎಂದು ನಾನು ಕೇಳಿದೆ. ಅಳಿಯ ಕಿಟಕಿಯ ಕಡೆ ಮುಖ ತಿರುಗಿಸಿದ.

ಘೋಡಬಂದರ್ ರಸ್ತೆಯ ಒಂದು ಬಹುಮಹಡಿ ಕಟ್ಟಡದ ಕೆಳಗೆ ಗಾಡಿ ನಿಂತಿತ್ತು. ಕೆಂಪು ಬಣ್ಣ, ಮಳೆಯಲ್ಲಿ ತೊಯ್ದು ಹೊಳೆಯುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ಮಾತ್ರ ಅದರ ನಂಬರಿನ ಮೇಲೆ. ಕೆಎ! ಪರವೂರಿನ ರಸ್ತೆಯಲ್ಲಿ ಆ ಎರಡಕ್ಷರ ಕಂಡರೆ ಒಳಗೆ ಕೂತವರನ್ನು ಇಣುಕಿ ನೋಡುವ ಚಾಳಿ ನಮ್ಮಲ್ಲಿ ಯಾರಿಗಿಲ್ಲ? ಅರ್ಧ ಮನಸ್ಸು ಅಲ್ಲಿಯೇ ಸೋತಿತು.

ಯಜಮಾನರು ಸಜ್ಜನರು. ಏನೇನು ಬದಲಾಗಿದೆ ಎಂಬುದನ್ನು ಮುಚ್ಚಿಡದೆ ಹೇಳಿದರು. ಕಾರ್ಖಾನೆಯವರು ಬಿಸಿಲು, ಕಲಬೆರಕೆ ಪೆಟ್ರೋಲು, ಎಂಜಿನ್ನಿನ ವಯಸ್ಸು ಎಲ್ಲವನ್ನೂ ಎಣಿಸಿ ಒಂದಿಷ್ಟು ಶಕ್ತಿಯನ್ನು ಕಾದಿಟ್ಟಿರುತ್ತಾರೆ. ಟರ್ಬೊದ ಒತ್ತಡ, ಕಿಡಿ ಹಾರುವ ಹೊತ್ತು, ಪೆಟ್ರೋಲಿನ ಪ್ರಮಾಣ ಇವನ್ನು ತಿದ್ದಿ ಆ ಉಳಿತಾಯವನ್ನು ಖರ್ಚಿಗೆ ತೆಗೆಯುವುದೇ ಈ ವಿದ್ಯೆ. ಬ್ಯಾಂಕಿನಲ್ಲಿ ದುಡಿದ ನನಗೆ ಈ ಮಾತು ಚೆನ್ನಾಗಿ ತಿಳಿಯಿತು. ಕೂಡಿಟ್ಟದ್ದನ್ನು ತೆಗೆದ ಮೇಲೆ ಕಾವಲು ಹೆಚ್ಚಬೇಕು: ಮೇಲ್ದರ್ಜೆಯ ಪೆಟ್ರೋಲು, ಬೇಗ ಬೇಗ ಎಣ್ಣೆ, ಸ್ಪಾರ್ಕ್ ಪ್ಲಗ್ಗು.

ಅವರೇ ಪಕ್ಕದಲ್ಲಿ ಕೂತರು, ಅಳಿಯ ಓಡಿಸಿದ, ನಾನು ಹಿಂದೆ. ಡೊಂಬಿವಲಿಯವರೆಗೂ ಹೋಗಿ ತಾಯಿಗೆ ತೋರಿಸುವುದೆಂದಾಯಿತು. ಕಳ್ವಾ ಸೇತುವೆ ದಾಟಿ ವಿಟಾವಾದ ರೈಲು ಸೇತುವೆಯ ಕೆಳಗೆ ಬಂದರೆ, ಪ್ರತಿ ಮಳೆಗಾಲದಂತೆ ನೀರು ನಿಂತಿದೆ. ರಿಕ್ಷಾಗಳು ಗಂಟಲವರೆಗೆ ನೀರು ಕುಡಿದು ದಾಟುತ್ತಿವೆ. ನಮ್ಮ ಮುನ್ನೂರು ಕುದುರೆ ಮಾತ್ರ ದಡದಲ್ಲಿ ನಿಂತು ಯೋಚಿಸಿತು. ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ.

ಅಲ್ಲಿಂದ ಮುಂದೆ ಠಾಣೆ–ಬೇಲಾಪುರ ರಸ್ತೆ. ಭಾನುವಾರವಾದ್ದರಿಂದ ಕಾರ್ಖಾನೆಗಳ ಲಾರಿಗಳಿಲ್ಲ. ಬಲಕ್ಕೆ ನವಿ ಮುಂಬಯಿಯ ಗೋಪುರಗಳು, ಎಡಕ್ಕೆ ಮಳೆಯಲ್ಲಿ ಹಸಿರಾದ ಪಾರಸಿಕ್ ಗುಡ್ಡ, ಅದರಿಂದ ಇಳಿಯುವ ಬಿಳಿಯ ನೀರಗೆರೆಗಳು. ರಬಾಳೆ ಕಳೆದ ಮೇಲೆ ಒಂದು ಕಡೆ ರಸ್ತೆ ಬರಿದಾಯಿತು. ಅಳಿಯ ಕಾಲೊತ್ತಿದ. ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದಂತಾಯಿತು. ಕನ್ನಡಕ ಮೂಗು ಬಿಟ್ಟು ಹಣೆಗೆ ಹೋಯಿತು. ಮೂರೇ ಕ್ಷಣ, ಮುಂದೆ ಕೆಂಪು ದೀಪ. ಸುಳ್ಳು ಹೇಳಬಾರದು, ನನಗೂ ನಗು ಬಂತು. ಅರವತ್ತೆಂಟು ವರ್ಷದವನ ನಗುವಲ್ಲ ಅದು. ಕನ್ನಡಿಯಲ್ಲಿ ಅಳಿಯನ ಮುಖ ಕಂಡಿತು. ತಂದೆ ಹೋದ ಮೇಲೆ ಈ ಹುಡುಗ ಹೀಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಇದರ ನಂತರ ನಾನು ಬೇಡವೆನ್ನುವುದು ಹೇಗೆ?

ಬೇಡವೆಂದದ್ದು ಶೀಳಫಾಟಾ. ಮಹಾಪೆಯಿಂದ ಗುಡ್ಡ ಹತ್ತಿ ಇಳಿದರೆ, ಜವಾಹರಲಾಲ್ ನೆಹರೂ ಬಂದರಿನಿಂದ ಭಿವಂಡಿಯ ಕಡೆ ಹೊರಟ ಕಂಟೇನರುಗಳ ಸಾಲು. ಕಲ್ಯಾಣ–ಶೀಳ ರಸ್ತೆಯಲ್ಲಿ ತಳೋಜಾ ಮೆಟ್ರೋದ ಕಾಮಗಾರಿ, ತಗಡಿನ ಬೇಲಿ, ಹೊಂಡ. ಕಟಾಯಿ ನಾಕಾದವರೆಗೆ ನಡೆದು ಹೋಗುವವರೇ ನಮಗಿಂತ ಮುಂದಿದ್ದರು. ಗಂಟೆಗೆ ಅರವತ್ತು ಕಿಲೋಮೀಟರಿನಂತೆ ಸಮನಾಗಿ ಹೋಗಲು ಒಂದು ಕಾರಿಗೆ ಹತ್ತು-ಹನ್ನೆರಡು ಕುದುರೆ ಸಾಕಂತೆ. ಇಲ್ಲಿ ಎರಡೂ ಹೆಚ್ಚೇ. ಉಳಿದವು ನಿಂತಲ್ಲೇ ಮೇವು ತಿನ್ನುತ್ತಿದ್ದವು. ಗಾಳಿ ಹಾಯದೆ ಬಾನೆಟ್ಟಿನ ಒಳಗೆ ಕಾವೇರಿ, ದಾರಿ ಸಿಕ್ಕಾಗಲೂ ಮೊದಲಿನ ಆ ತಳ್ಳು ಇರಲಿಲ್ಲ. ತೆಳುವಾದ ಟೈರಿನಿಂದ ಪ್ರತಿಯೊಂದು ಹೊಂಡವೂ ನನ್ನ ಬೆನ್ನುಹುರಿಗೆ ನೇರ ತಂತಿ ಕಳಿಸಿತು. ಅಳಿಯನ ನಗು ಎಲ್ಲಿ ಇಳಿಯಿತೋ ನೋಡಲಿಲ್ಲ. ಇದು ಭಾನುವಾರ, ಅವನು ಹೋಗಬೇಕಾದದ್ದು ವಾರದಲ್ಲಿ ಐದು ದಿನ, ಎರಡು ಹೊತ್ತು, ಇದೇ ದಾರಿ.

ತಂಗಿ ಕುಂಕುಮದ ಬಟ್ಟಲು ಹಿಡಿದೇ ಕೆಳಗೆ ಬಂದಳು. ಸೆರಗು ಸಾವರಿಸಿಕೊಂಡು ಒಳಗೆ ಕೂತಳು. ಕೂತಳು ಎನ್ನುವುದಕ್ಕಿಂತ ಇಳಿದಳು. ಏಳಲು ನಾವಿಬ್ಬರೂ ಕೈ ಕೊಡಬೇಕಾಯಿತು. "ಗಾಡಿ ಭಾಳ ಛಲೋ ಅದ, ಯಪ್ಪಾ. ಆದ್ರ ನನ್ನ ಮೊಣಕಾಲು ಇದಕ್ಕ ಒಪ್ಪಂಗಿಲ್ಲ" ಎಂದಳು.

ಆದರೂ ಹುಡುಗನ ಆಸೆ ಬಿಡಲಿಲ್ಲ. ಮರುವಾರ ಕಾಗದಪತ್ರ ವಿಚಾರಿಸಲು ಕಲ್ಯಾಣಕ್ಕೆ ಹೋದೆವು. ಶತಮಾನ ಕಂಡ ಪತ್ರಿ ಪೂಲನ್ನು 2018ರಲ್ಲಿ ಕೆಡವಿದ್ದರು, ಹೊಸದು ತೆರೆದದ್ದು 2021ರಲ್ಲಿ. ಅಷ್ಟು ವರ್ಷ ಸುತ್ತಿ ಬಳಸಿದವರಿಗೆ ಈಗ ಅದರ ಮೇಲೆ ಸಾಗುವುದೇ ಒಂದು ಸುಖ. ಪರಿಚಯದ ಏಜೆಂಟರು ಬಿಡಿಸಿ ಹೇಳಿದರು. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇರುವುದಾದರೆ ಬೆಂಗಳೂರಿನ ಒಪ್ಪಿಗೆಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಿ, ಎಂಎಚ್-05 ನಂಬರು ಪಡೆಯಬೇಕು. ಅದಾದರೂ ಆದೀತು. ಆದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಕಾರ್ಖಾನೆಯ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿ ಹಿಡಿದಿದೆ. ಹೇಳದೆ ಮಾಡಿದ ಬದಲಾವಣೆಯಿದ್ದರೆ, ನಾಳೆ ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಅದೇ ಸಾಕು.

"ಬ್ಯಾರೆಯವರಿಗೆ ತಾಗಿದ್ರ?" ಎಂದು ಅಳಿಯ ಕೇಳಿದ. ಏಜೆಂಟರು ಉತ್ತರ ಕೊಡದೆ ಚಹಾ ತರಿಸಿದರು. ಬಾಗಿಲಲ್ಲಿ ಜನ ಬಿದ್ದರೆಂದೇ ಅಲ್ಲವೇ ನಾವು ಗಾಡಿ ಹುಡುಕ ಹೊರಟದ್ದು! ಹಿಂದಿರುಗುವಾಗ ಅವನು ಹೆಚ್ಚು ಮಾತಾಡಲಿಲ್ಲ.

ದೀಪಾವಳಿಯ ಪಾಡ್ಯಕ್ಕೆ ಮನೆಗೆ ಬಂದದ್ದು ನೂರೈವತ್ತು ಕುದುರೆಯ ಬಿಳಿಯ ಗಾಡಿ, ಕಾರ್ಖಾನೆಯಿಂದ ಹೇಗೆ ಹೊರಟಿತೋ ಹಾಗೆಯೇ. ತಂಗಿ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದಳು. ಶೀಳಫಾಟಾದಲ್ಲಿ ಅದೂ ನಿಲ್ಲುತ್ತದೆ. ತೀರ ಅವಸರವಿದ್ದ ದಿನ ಹುಡುಗ ಬೆಳಗಿನ ಆರರ ಲೋಕಲ್ ಹಿಡಿಯುತ್ತಾನೆ, ಆ ಹೊತ್ತಿಗೆ ಒಳಗೆ ನಿಲ್ಲಲು ಜಾಗ ಸಿಗುತ್ತದೆ.

ಕೆಂಪು ಗಾಡಿಯನ್ನು ಪುಣೆಯವರು ಯಾರೋ ಒಯ್ದರಂತೆ. ಆ ಸುದ್ದಿ ಹೇಳಿದವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ನಾನೂ ಸುಮ್ಮನಿದ್ದೆ. ರಬಾಳೆಯ ಆ ಮೂರು ಕ್ಷಣ ನನಗೂ ನೆನಪಾಗಿತ್ತು.