ಕೊನೆಯ ಗೇರು ಮತ್ತು ಮೊದಲ ಗೇರು

ಪೀಣ್ಯದ ಸುತ್ತಮುತ್ತ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಗೇರುಚಕ್ರವೆಂಬುದು ಪಠ್ಯಪುಸ್ತಕದ ಚಿತ್ರ ಮಾತ್ರವಾಗಿರಲಿಲ್ಲ. ಹಲವರ ತಂದೆಯರು ಅಲ್ಲಿನ ಸಣ್ಣ ಕಾರ್ಖಾನೆಗಳಲ್ಲಿ ಅದನ್ನೇ ತಯಾರಿಸುತ್ತಿದ್ದರು. ನಾನು ಕಪ್ಪುಹಲಗೆಯ ಮೇಲೆ ಹಲ್ಲುಗಳ ಅನುಪಾತವನ್ನು ಬರೆದರೆ, ಮರುದಿನ ಎಣ್ಣೆ ಮೆತ್ತಿದ ನಿಜವಾದ ಚಕ್ರವೊಂದನ್ನು ಚೀಲದಲ್ಲಿಟ್ಟು ತರುವ ಹುಡುಗರಿದ್ದರು. ನಿವೃತ್ತನಾದ ಮೇಲೆ ಆ ಲೆಕ್ಕಕ್ಕೂ ನನಗೂ ಸಂಬಂಧ ಮುಗಿಯಿತೆಂದುಕೊಂಡಿದ್ದೆ, ಶಿಷ್ಯರು ಬಿಡಬೇಕಲ್ಲ!

ಅಂಥ ಹುಡುಗರಲ್ಲೊಬ್ಬ ಈಗ ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. 1965ರ ಷೆವರ್ಲೆ ಇಂಪಾಲ ಕಾರೊಂದನ್ನು ಕೊಂಡಿದ್ದಾನೆ. ಪೀಣ್ಯಕ್ಕೆ ಬರುವ ಮೊದಲು ಅವನ ತಂದೆ ಸಿರಿವಂತರ ಮನೆಯೊಂದರಲ್ಲಿ ಇಂಥದೇ ಕಾರಿನ ಚಾಲಕರಾಗಿದ್ದರು. ಅವರಿಗೀಗ ಎಂಬತ್ತು ದಾಟಿದೆ. ಈ ಕಾರಿನಲ್ಲಿ ಕುಳಿತು ಒಮ್ಮೆ ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟ ಹತ್ತಬೇಕೆಂಬುದು ಅವರ ಆಸೆ; ಕಾರನ್ನು ಎಲ್ಲಿಯೂ ಕತ್ತರಿಸಕೂಡದೆಂಬುದು ಅವರ ಷರತ್ತು.

ಎಂಜಿನ್ ಎಂಟು ಸಿಲಿಂಡರಿನದು, 327 ಘನ ಅಂಗುಲ, 300 ಅಶ್ವಶಕ್ತಿ. ಅದರ ಹಿಂದಿರುವ ‘ಪವರ್‌ಗ್ಲೈಡ್’ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯಲ್ಲಿ ಎರಡೇ ಗೇರುಗಳು. ಅದರ ಬದಲು ಓವರ್‌ಡ್ರೈವ್ ಇರುವ ನಾಲ್ಕು ಗೇರಿನ ಪೆಟ್ಟಿಗೆಯನ್ನು ಅಮೆರಿಕದಿಂದ ತರಿಸಬೇಕು, ಯಾವುದು ಸೂಕ್ತವೆಂದು ಲೆಕ್ಕ ಹಾಕಿಕೊಡಿ ಎಂದು ಅವನು ಬರೆದಿದ್ದ. ನೇರ ಗೇರಿನಲ್ಲಿ ಎಂಜಿನ್ನಿನ ಒಂದು ಸುತ್ತಿಗೆ ಹಿಂದಿನ ದಂಡವೂ ಒಂದೇ ಸುತ್ತು ತಿರುಗುತ್ತದೆ. ಓವರ್‌ಡ್ರೈವ್‌ನಲ್ಲಿ ಎಂಜಿನ್ ಮುಕ್ಕಾಲು ಸುತ್ತು ತಿರುಗುವಷ್ಟರಲ್ಲಿ ದಂಡ ಒಂದು ಸುತ್ತು ಮುಗಿಸಿರುತ್ತದೆ. ಎಂಜಿನ್ನಿಗೆ ದಣಿವು ಕಡಿಮೆ, ಪೆಟ್ರೋಲೂ ಉಳಿತಾಯ.

ಅವನ ಪಟ್ಟಿಯಲ್ಲಿದ್ದವು ಜನರಲ್ ಮೋಟರ್ಸ್‌ನ ಮೂರು ಪೆಟ್ಟಿಗೆಗಳು. 1981ರಲ್ಲಿ ಬಂದ 200-4ಆರ್‌ನ ಮೊದಲ ಗೇರು 2.74, ಕೊನೆಯದು 0.67. 1982ರ 700ಆರ್4ನಲ್ಲಿ ಇವು 3.06 ಮತ್ತು 0.70. 1991ರ 4ಎಲ್80ಇಯಲ್ಲಿ 2.48 ಮತ್ತು 0.75. ಮೂರನೆಯದು ಎಲ್ಲಕ್ಕಿಂತ ಬಲಿಷ್ಠ. ಅವನ ಮನಸ್ಸು ಅದರತ್ತಲೇ ವಾಲಿತ್ತು.

ಕಾಗದ ತೆಗೆದುಕೊಂಡು ಕುಳಿತೆ. ಹಿಂದಿನ ಅಚ್ಚಿನ ಅನುಪಾತ 3.31, ಗಾಲಿಯ ವ್ಯಾಸ ಸುಮಾರು 27 ಅಂಗುಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೇರ ಗೇರಿನ ಎಂಜಿನ್ ನಿಮಿಷಕ್ಕೆ ಸುಮಾರು 2,050 ಸುತ್ತು ತಿರುಗುತ್ತದೆ, 0.67ರ ಓವರ್‌ಡ್ರೈವ್‌ನಲ್ಲಿ ಸುಮಾರು 1,370. ಲಾಭವೇನೋ ಹೌದು. ಆದರೆ 2,050 ಸುತ್ತು ಈ ಎಂಜಿನ್ನಿಗೆ ಆಯಾಸವೇ ಅಲ್ಲ. ವೈಟ್‌ಫೀಲ್ಡಿನಿಂದ ಪೀಣ್ಯದವರೆಗಿನ ವಾಹನಸಂದಣಿಯಲ್ಲಂತೂ ನಾಲ್ಕನೆಯ ಗೇರು ಬೀಳುವ ಅವಕಾಶವೇ ಅಪರೂಪ.

ಇನ್ನೊಂದು ತುದಿಯನ್ನು ನೋಡಿ. ಪವರ್‌ಗ್ಲೈಡ್‌ನ ಮೊದಲ ಗೇರು 1.76 ಮಾತ್ರ. ಅಚ್ಚಿನ ಅನುಪಾತದಿಂದ ಗುಣಿಸಿದರೆ ತಿರುಗಿಸುವ ಬಲ ಆರು ಪಟ್ಟಿಗೂ ಕಡಿಮೆ. 200-4ಆರ್‌ನಲ್ಲಿ ಅದು ಒಂಬತ್ತು ಪಟ್ಟು. ನಿಂತು ನಿಂತು ಹೊರಡುವಾಗ, ಬೆಟ್ಟದ ತಿರುವಿನಲ್ಲಿ ಏರುವಾಗ ಬೇಕಾದದ್ದು ಇದೇ. ಓವರ್‌ಡ್ರೈವ್ ಬೇಕೆಂದು ಕೇಳಿದವನಿಗೆ ನಿಜವಾಗಿ ಕೊರತೆಯಿದ್ದದ್ದು ಮೊದಲ ಗೇರಿನದು.

ಹಾಗಾದರೆ 3.06ರ 700ಆರ್4 ಇನ್ನೂ ಒಳ್ಳೆಯದಲ್ಲವೇ ಎನ್ನಬಹುದು. ಅದರ ಎರಡನೆಯ ಗೇರು 1.63, ಬದಲಾಗುವಾಗ ಎಂಜಿನ್ನಿನ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಮೇಲಾಗಿ ಅದು ಮೂರು ಅಂಗುಲ ಉದ್ದ. ಹಿಂದಿನ ದಂಡವನ್ನು ಕತ್ತರಿಸಬೇಕು. 4ಎಲ್80ಇ ಇನ್ನೂ ಉದ್ದ, ಬಹಳ ಭಾರ, ನಡೆಸಲು ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಬೇಕು. 200-4ಆರ್‌ನ ಉದ್ದ ಪವರ್‌ಗ್ಲೈಡ್‌ನಷ್ಟೇ. ಹಳೆಯ ದಂಡವೇ ಸಾಕು. ಆಧಾರದ ಅಡ್ಡಪಟ್ಟಿಯೊಂದನ್ನು ಪೀಣ್ಯದಲ್ಲಿ ಹೊಸದಾಗಿ ಮಾಡಿಸಿದರಾಯಿತು. ಬಲದ ಬಗ್ಗೆ ಸಂಶಯ ಬೇಡ. 1980ರ ದಶಕದ ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಕಾರಿನಲ್ಲಿ ದುಡಿದದ್ದು ಈ ಜಾತಿಯ ಪೆಟ್ಟಿಗೆಯೇ.

ಎರಡು ಎಚ್ಚರಿಕೆಗಳನ್ನು ಕೆಂಪು ಮಸಿಯಲ್ಲಿ ಬರೆದೆ. ಆ್ಯಕ್ಸಿಲರೇಟರಿನೊಡನೆ ಎಳೆಯಲ್ಪಡುವ ತಂತಿಯೊಂದು ಪೆಟ್ಟಿಗೆಯೊಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಅದು ಸಡಿಲವಾಗಿದ್ದರೆ ಒತ್ತಡ ಸಾಲದೆ ಕ್ಲಚ್ಚುಗಳು ಜಾರಿ ಬೇಗನೆ ಸುಟ್ಟುಹೋಗುತ್ತವೆ. ಎರಡನೆಯದು ಬಿಸಿ. ನಿಂತು ಹೊರಡುವ ಸಂಚಾರದಲ್ಲಿ ಎಣ್ಣೆ ಕಡೆದು ಕಡೆದು ಕಾಯುತ್ತದೆ. ಅದನ್ನು ತಣಿಸಲು ಪ್ರತ್ಯೇಕ ಕೂಲರ್ ಇರಲೇಬೇಕು.

ಶಿಷ್ಯ ಒಪ್ಪಿದ್ದಾನೆ. ಹಳೆಯ ಪವರ್‌ಗ್ಲೈಡನ್ನು ಮಾರದೆ, ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಕಾಪಾಡಲು ಹೇಳಿದ್ದೇನೆ. ಏನನ್ನೂ ಕತ್ತರಿಸದಿರುವುದರಿಂದ ಮುಂದೆ ಯಾರಾದರೂ ಅದನ್ನು ಸ್ವಸ್ಥಾನಕ್ಕೆ ಮರಳಿಸಬಹುದು. ತಂದೆಯವರ ಷರತ್ತು ನೆರವೇರಿತು. ಅವರ ಆಸೆ ಬಾಕಿಯಿದೆ, ಅದಕ್ಕೆ ಹೆಚ್ಚು ಕಾಲ ಕಾಯುವ ವಯಸ್ಸು ಅವರದಲ್ಲ. ಆ ತಂತಿಯನ್ನು ಸರಿಯಾಗಿ ಹೊಂದಿಸಬಲ್ಲ ನನ್ನ ವಿದ್ಯಾರ್ಥಿಗಳು ಪೀಣ್ಯದಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಡಮಾಡದೆ ನನಗೆ ತಿಳಿಸಿರಿ.